ಹೆಲ್ಮೆಟ್ಟಿನ ಮೇಲಿನ ಅಕ್ಷರ

ಎಜ್ರಾ ಟಾಲಿವರ್ ಓಹಾಯೋದ ಉಕ್ಕಿನ ಕುಲುಮೆಯ ಮುಂದೆ ಮೂವತ್ತೊಂದು ವರ್ಷ ಬೆಂದವನು. ಉಕ್ಕು ಎತ್ತುವ ಸರಪಳಿ ಕಡಿದು ಬಿದ್ದ ದಿನ ಅಡಿಯಲ್ಲಿ ಸಿಕ್ಕಿಕೊಂಡಿದ್ದ ಇಬ್ಬರನ್ನು ಬರಿಗೈಯಲ್ಲಿ ಎಳೆದು ತಂದ. ಅವನ ಮಗ ಲೆಮ್ಯುಯೆಲ್ ಶಾಲೆಯ ಬಸ್ಸು ಓಡಿಸುತ್ತಿದ್ದ. ಬಸ್ಸು ಹಿಮದಲ್ಲಿ ಹೂತಾಗ ಹದಿನಾಲ್ಕು ಮಕ್ಕಳನ್ನು ಒಬ್ಬೊಬ್ಬರಾಗಿ ಹೆಗಲ ಮೇಲೆ ಹೊತ್ತು ಮನೆ ಮುಟ್ಟಿಸಿದ. ಆ ಲೆಮ್ಯುಯೆಲನ ಮಗ ರಾಯ್ಸ್. ಹನ್ನೊಂದು ವರ್ಷದ ಹಿಂದೆ ಅಮೆರಿಕನ್ ಫುಟ್‌ಬಾಲ್ ಆಡಲು ಜರ್ಮನಿಗೆ, ನಮ್ಮ ಹಾರ್ಟ್‌ಸೆನ್ ಊರಿಗೆ ಬಂದ.

ಅವನು ಚೆಂಡು ಹಿಡಿದು ಓಡುವವನಲ್ಲ. ಓಡುವವನ ಮುಂದೆ ಗೋಡೆಯಂತೆ ನಿಂತು ಗುದ್ದು ತಿನ್ನುವವನು. ಮೂಗು ಎರಡು ಸಲ ಮುರಿಯಿತು. ಮುರಿದ ಬೆರಳುಗಳ ಲೆಕ್ಕ ಅವನಿಗೇ ಗೊತ್ತಿಲ್ಲ. ಆಟ ಮುಗಿದ ಮೇಲೆ ಉಳಿದವರು ಬಿಯರಿಗೆ ಓಡಿದರೆ ಇವನು ಉಳಿದು ಕಂಬಗಳಿಗೆ ಸುತ್ತಿದ ಮೆತ್ತೆ ಬಿಚ್ಚುತ್ತಿದ್ದ. ಮೈದಾನಕ್ಕೆ ಗೆರೆ ಎಳೆಯುವ ಮುದುಕ ಓಟ್‌ಫ್ರೀಡ್ ನಾನು, ಕಣ್ಣಾರೆ ಕಂಡಿದ್ದೇನೆ.

ನಮ್ಮ ಲೀಗಿನಲ್ಲಿ ಒಂದು ತಂಡದಿಂದ ಇಬ್ಬರೇ ಅಮೆರಿಕನ್ನರು ಒಮ್ಮೆಗೆ ಕಣದಲ್ಲಿರಬಹುದು. ಗುರುತಿಗೆ ಅವರ ಹೆಲ್ಮೆಟ್ಟಿನ ಮೇಲೆ ‘ಎ’ ಅಕ್ಷರ ಅಂಟಿಸುತ್ತಾರೆ. ಈ ವಸಂತದಲ್ಲಿ ಕ್ಲಬ್ಬಿನ ಅಧ್ಯಕ್ಷ ಬ್ರೋಕ್‌ಮಾಯರ್ ಅಮೆರಿಕದಿಂದ ಇಬ್ಬರು ಎಳೆಯರನ್ನು ಕರೆಸಿದ. ಅಲ್ಲಿಗೆ ರಾಯ್ಸನ ಜಾಗ ಹೋಯಿತು. ಅಜ್ಜನೋ ಮುತ್ತಜ್ಜನೋ ಜರ್ಮನ್ ಎಂದು ತೋರಿಸಿ ತಾನೂ ಜರ್ಮನ್ ಪ್ರಜೆಯಾದರೆ ಮಾತ್ರ ಉಳಿಯುತ್ತಾನೆ.

ಗುರುವಾರ ನಾನೂ ರಾಯ್ಸನೂ ಇದ್ದ ಸಾಮಾನು ಕೋಣೆಗೆ ಆ ಅಧ್ಯಕ್ಷ ಬಂದ. ಒಂದು ಕೈಯಲ್ಲಿ ಹಸಿ ಹಂದಿಮಾಂಸದ ಕೈಮ ಹಚ್ಚಿದ ಬನ್ನು, ಇನ್ನೊಂದರಲ್ಲಿ ಹಳೆಯದರಂತೆ ಕಾಣಲೆಂದು ಚಹಾದಲ್ಲಿ ಅದ್ದಿದ ಕಾಗದ.

“ನೋಡಯ್ಯಾ ರಾಯ್ಸ್, ನಿಮ್ಮಜ್ಜ ಇಲ್ಲೇ ಹುಟ್ಟಿದ್ದು! ಕಾರ್ಲ್ ಅಂತ, ಕಟುಕ. ಇದು ದೀಕ್ಷಾಸ್ನಾನದ ಪತ್ರ. ಓಟ್‌ಫ್ರೀಡಣ್ಣ ಊರಿಗೆಲ್ಲ ಹಿರಿಯ, ಆ ಮನೆಯವರನ್ನ ಕಂಡಿದ್ದೆ ಅಂತ ಒಂದು ರುಜು ಗೀಚಿದ್ರೆ ಆಯ್ತು.”

ಬಾಯಿಂದ ಈರುಳ್ಳಿ ಉದುರುತ್ತಿತ್ತು. ಹೆಬ್ಬೆರಳಿನ ಜಿಡ್ಡು ಆ ಸುಳ್ಳು ಅಜ್ಜನ ಹೆಸರಿನ ಮೇಲೆ ಕೂತಿತ್ತು. ಅದಕ್ಕಿಂತ ಹೇಸಿಗೆಯ ಮಾತೆಂದರೆ, ಹುಡುಗ ಉಳಿಯಲಿ ಎಂಬ ಆಸೆಗೆ ನಾನು ಪೆನ್ನಿನ ಮುಚ್ಚಳ ತೆಗೆದಿದ್ದೆ.

ರಾಯ್ಸ್ ಪೆನ್ನನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ. “ತಾತ, ನೀವೂನಾ?”

ನಾನು ಮುಚ್ಚಳವನ್ನೂ ಅವನ ಕೈಗೆ ಕೊಟ್ಟೆ.

“ಅಯ್ಯೋ, ಸತ್ತೋರು ಬಂದು ಕೇಳ್ತಾರೇನೋ ಪೆದ್ದ? ನಿಂಗೆ ಸಹಾಯ ಮಾಡ್ತಿದೀನಿ ಕಣೋ,” ಎಂದು ಬ್ರೋಕ್‌ಮಾಯರ್ ಬೆರಳು ಚೀಪಿದ.

“ನಮ್ಮಜ್ಜನ ಹೆಸರು ಎಜ್ರಾ,” ಎಂದ ರಾಯ್ಸ್. “ಅವರ ತೋಳಿನ ಮೇಲೆ ಸುಟ್ಟ ಕಲೆಗಳಿದ್ವು, ಚಿಕ್ಕವನಿದ್ದಾಗ ಎಣಿಸ್ತಿದ್ದೆ. ಅವರನ್ನ ಅಳಿಸಿ ನಾನು ಆಡಲ್ಲ. ಭಾನುವಾರ ಆ ‘ಎ’ ಅಕ್ಷರ ಅಂಟಿಸಿ ಕಣಕ್ಕೆ ಇಳಿಸೋದಾದ್ರೆ ಇಳಿಸಿ, ಇಲ್ಲಾಂದ್ರೆ ಇವತ್ತೇ ಚೀಲ ಕಟ್ತೀನಿ. ಆ ಕಾಗದ ತಗೊಂಡು ಹೋಗಿ ಸಾರ್, ನಿಮ್ಮ ಸಹಾಯ ನಂಗೆ ಬೇಡ.”