ಒರತೆಯಕ್ಕ ಅಗೆಸದೇ ಬಿಟ್ಟ ಗೋಡೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಂಗಮಂದಿರದ ನೆಲಮಾಳಿಗೆಗೆ ಇಳಿಯುತ್ತಿದ್ದಂತೆ ಬೂಷ್ಟಿನ ವಾಸನೆ ಮೂಗಿಗೆ ಬಡಿಯುತ್ತದೆ. ನಾನು ಕರವಸ್ತ್ರ ತಡಕಾಡುತ್ತೇನೆ. ನನ್ನ ಮುಂದೆ ಟಾರ್ಚ್ ಹಿಡಿದು ಇಳಿಯುತ್ತಿರುವ ಹೆಂಗಸು ಮಾತ್ರ ಹೂವಿನಂಗಡಿ ಹೊಕ್ಕವರಂತೆ ಉಸಿರೆಳೆದುಕೊಂಡು, ಸೀದಾ ಹಿಂಬದಿಯ ಗೋಡೆಗೆ ಅಂಗೈ ಒತ್ತಿ ನಿಲ್ಲುತ್ತಾರೆ.

ಕಟ್ಟಡದ ಕೆಲಸದವರೆಲ್ಲ ಇವರನ್ನು ಕರೆಯುವುದು ಒರತೆಯಕ್ಕ ಎಂದು. ನೆಲದಡಿಯ ಕೋಣೆಗಳಿಗೆ ನೀರು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಹಚ್ಚುವುದು, ಅದಕ್ಕೆ ಯಾವ ಬಗೆಯ ವಾಟರ್‌ಪ್ರೂಫಿಂಗ್ ಸರಿ ಎಂದು ಹೇಳುವುದು, ಹೇಳಿದ್ದನ್ನು ತಾವೇ ನಿಂತು ಮಾಡಿಕೊಡುವುದು ಅವರ ಕಸುಬು. ಮಾಡಿದ ಕೆಲಸದ ಮೇಲೆ ಮಣ್ಣೋ ಗಾರೆಯೋ ಬೀಳುತ್ತದೆ. ಕಟ್ಟಡದ ಮುಂಬಾಗಿಲು ನೋಡಿ ಹಾಡಿ ಹೊಗಳುವ ನನ್ನಂಥ ಪತ್ರಿಕೆಯವರಿಗೆ ಅದು ಕಣ್ಣಿಗೇ ಬೀಳುವುದಿಲ್ಲ.

"ಹೊರಗಿಂದ್ಲೇ ಹೊದಿಕೆ ಹಾಕಿದ್ರೆ ಅದಕ್ಕಿಂತ ಒಳ್ಳೇದಿಲ್ಲ. ಆದ್ರೆ ಮಣ್ಣು ತುಂಬೋಕೆ ಮುಂಚೆ ಹಾಕ್ಬೇಕು," ಎನ್ನುತ್ತಾರೆ ಒರತೆಯಕ್ಕ. "ಹೊರಗೆ ಕೈ ಹೋಗಲ್ಲ ಅಂದ್ರೆ ಒಳಗೆ ಲೇಪ. ಅದಕ್ಕೂ ನೀರು ಬಗ್ಗಲ್ಲ ಅಂದ್ರೆ, ಬಾರಪ್ಪಾ ಅಂತ ದಾರಿ ಬಿಟ್ಟು, ಗುಂಡಿಗೆ ಇಳಿಸಿ, ಪಂಪಲ್ಲಿ ಎತ್ತಿ ಆಚೆ ಹಾಕೋದು. ಯಾವ್ದು ಬೇಕು ಅನ್ನೋದು ಒಳಗೆ ಏನಿಡ್ತೀರಿ ಅನ್ನೋದ್ರ ಮೇಲೆ. ಸ್ವಲ್ಪ ತೇವ ಇದ್ರೆ ಕಾರಿಗೇನೂ ನೆಗಡಿ ಆಗಲ್ಲ. ಇಲ್ಲಿ ರಾಜ ರಾಣಿಯರು ನೇತಾಡ್ತಿದ್ದಾರೆ ನೋಡಿ, ಇವರಿಗೆ ಆಗುತ್ತೆ."

ಸಾಲಾಗಿ ತೂಗುಹಾಕಿದ ನಾಟಕದ ವೇಷಗಳಲ್ಲಿ ರಾಜನ ಮಖಮಲ್ಲಿನ ನಿಲುವಂಗಿಗೆ ಹಸಿರು ಬೂಷ್ಟು ಹಿಡಿದಿದೆ. ಅದನ್ನು ಉಜ್ಜುತ್ತ ಕೂತ ವಸ್ತ್ರಾಗಾರದ ಹಿರಿಯರು, "ರಾಜ್ಯ ಕಳ್ಕೊಂಡಾಗ್ಲೂ ಇವನು ಇಷ್ಟು ಕೆಟ್ಟಿರ್ಲಿಲ್ಲ," ಎಂದು ಗೊಣಗುತ್ತಾರೆ. ರಂಗಮಂದಿರದ ವ್ಯವಸ್ಥಾಪಕರು ಆಗಲೇ ಒಂದು ತೀರ್ಮಾನಕ್ಕೆ ಬಂದಿದ್ದಾರೆ. ಹಿತ್ತಲನ್ನು ಅಗೆದು, ಗೋಡೆಯ ಹೊರಮೈಯ ಹಳೆ ಹೊದಿಕೆ ಕಿತ್ತು, ಹೊಸದು ಹಾಕಿಸುವುದು. ಒರತೆಯಕ್ಕ ಹೂಂ ಎಂದರೆ ಇವತ್ತೇ ಗುದ್ದಲಿ ಬೀಳುತ್ತದೆ.

ಆ ಹೂಂ ಅನ್ನುವುದು ಅವರಿಗೆ ಎಷ್ಟು ಆಸೆಯ ಮಾತು ಎಂದು ನನಗೆ ಗೊತ್ತಾದದ್ದು ನಿನ್ನೆ ಸಂಜೆ. ಆ ಹಳೆ ಹೊದಿಕೆ ಹಾಕಿದ್ದು ಅವರೂ ಅವರ ಗಂಡನೂ, ಮದುವೆಯಾದ ಹೊಸತರಲ್ಲಿ. ಡಾಂಬರಿನ ಶೀಟಿನ ಸುರುಳಿ ಬಿಚ್ಚಿ ಹಿಡಿಯುವುದು ಇವರು, ಬೆಂಕಿಯಲ್ಲಿ ಕಾಯಿಸಿ ಗೋಡೆಗೆ ಒತ್ತುವುದು ಅವರು.

"ನಮ್ಮೋರು ಎಡಚರು. ಎಲ್ರೂ ಶೀಟನ್ನ ಬಲಕ್ಕೆ ಹೊದಿಸ್ಕೊಂಡು ಹೋದ್ರೆ ಇವರದು ಎಡಕ್ಕೆ. ಅಂಚು ನೋಡಿದ್ರೆ ಸಾಕು, ಯಾರ ಕೆಲಸ ಅಂತ ಗೊತ್ತಾಗೋದು. ಏನ್ರೀ, ಗೋಡೆಗೆ ಸೆರಗು ತಿರುಗಾಮುರುಗ ಹೊದಿಸಿದ್ದೀರಲ್ಲ ಅಂತ ರೇಗಿಸ್ತಿದ್ದೆ. ಮಾರನೇ ದಿನ ಮಣ್ಣು ತುಂಬಿಬಿಟ್ರು."

ಮಗಳು ಹೆಜ್ಜೆಯಿಡಲು ಕಲಿಯುವ ಹೊತ್ತಿಗೆ ಗಂಡ ಜ್ವರದಲ್ಲಿ ತೀರಿಕೊಂಡರು. ಇಬ್ಬರೂ ಸೇರಿ ಹೊದಿಸಿದ ಮಿಕ್ಕ ಗೋಡೆಗಳ ಪಕ್ಕದಲ್ಲೆಲ್ಲ ಈಗ ಕಟ್ಟಡಗಳು ಎದ್ದಿವೆ. ಹಿಂದೆ ಖಾಲಿ ಜಾಗ ಉಳಿದಿರುವುದು, ಅಗೆದರೆ ಕಣ್ಣಿಗೆ ಕಾಣುವುದು, ಇದೊಂದೇ.

"ಮನೆಗೆ ಹೋದ ತಕ್ಷಣ ನನ್ ಕೈ ಗೋಡೆ ಮೇಲೆ ಹೋಗುತ್ತೆ. ಅಮ್ಮಾ, ಮೊದ್ಲು ನನ್ನ ಮುಟ್ಟು, ಆಮೇಲೆ ಗೋಡೆ ಅಂತಾಳೆ ಮಗಳು," ಎಂದು ನಕ್ಕಿದ್ದರು. ಆಮೇಲೆ ನಗು ನಿಂತಿತ್ತು. "ಅಪ್ಪನ ಮುಖ ಫೋಟೋದಲ್ಲಿ ನೋಡಿದ್ದಾಳೆ. ಕೈ ಹೇಗಿತ್ತು ಅಂತ ಕೇಳ್ತಾಳೆ. ಕೈ ಎಲ್ಲಿಂದ ತರ್ಲಿ?"

ಈಗ ಅವರ ಅಂಗೈ ಇರುವುದು ಅದೇ ಗೋಡೆಯ ಒಳಮೈ ಮೇಲೆ. ಪಕ್ಕದಲ್ಲಿ ನಿನ್ನೆ ಅವರೇ ಅಂಟಿಸಿದ ಪ್ಲಾಸ್ಟಿಕ್ ಹಾಳೆ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪು. ಬೆಳಗ್ಗೆ ಹಾಳೆಯ ಹಿಂದೆ, ಗೋಡೆಯ ಕಡೆಗೆ, ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ ಎಂದರ್ಥ. ಹಾಗಾದರೆ ಅಗೆಯಬೇಕು. ಹನಿ ಹಾಳೆಯ ಮೇಲೆ, ಕೋಣೆಯ ಕಡೆಗೆ, ಇದ್ದರೆ ಅದು ಕೋಣೆಯ ಗಾಳಿಯದೇ ತೇವ.

ಹಾಳೆಯ ಮೇಲ್ಮೈ ಒದ್ದೆಯಾಗಿದೆ. ಒರತೆಯಕ್ಕ ಅದನ್ನು ಒರೆಸಿ, ಟೇಪು ಕಿತ್ತು, ಹಿಂದೆ ಬೆರಳಾಡಿಸುತ್ತಾರೆ. ಮತ್ತೆ ಆಡಿಸುತ್ತಾರೆ. ಅಲ್ಲಿ ಒಂದು ಹನಿಯೂ ಇಲ್ಲ.

"ರಾತ್ರಿಯೆಲ್ಲ ಬೇಡ್ಕೊಂಡೆ, ಹಿಂದೆ ಹನಿ ಇರ್ಲಿ ಅಂತ," ಎನ್ನುತ್ತಾರೆ ನನಗೆ ಮಾತ್ರ ಕೇಳುವಂತೆ. "ಅಂದ್ರೆ ಅವರ ಕೆಲಸ ಕೆಟ್ಟಿರ್ಲಿ ಅಂತಾನೇ ಬೇಡ್ಕೊಂಡ ಹಾಗಾಯ್ತಲ್ಲ. ಎಂಥ ಹೆಂಡ್ತಿ ನಾನು!"

ಎದುರುಗೋಡೆಯಲ್ಲಿ, ಕಟ್ಟಡ ಮುಗಿದ ಎಷ್ಟೋ ಕಾಲದ ಮೇಲೆ ಯಾರೋ ತೂತು ಕೊರೆದು ಕೂರಿಸಿದ ಕೊಳವೆಯ ಸುತ್ತ ನೀರು ಜಿನುಗುತ್ತಿರುವುದು ಸಿಗುತ್ತದೆ. ಮೇಲಿನ ಗಾಳಿಕಿಂಡಿಗೆ ಹಳೆ ಪರದೆಯೊಂದನ್ನು ತುರುಕಲಾಗಿದೆ. ವೇಷಗಳ ಮೇಲೆ ಧೂಳು ಬೀಳದಿರಲೆಂದು ಹಿರಿಯರೇ ಮಾಡಿದ ಉಪಕಾರ. ಜಿನುಗಿದ ನೀರಿನ ಆವಿ ಹೊರಹೋಗಲಾರದೆ ತಣ್ಣನೆಯ ಹಿಂಗೋಡೆಗೆ ಬಂದು ಕೂರುತ್ತಿದೆ. ಹಿರಿಯರು ನಾಲಗೆ ಕಚ್ಚಿಕೊಳ್ಳುತ್ತಾರೆ. ಒರತೆಯಕ್ಕ, "ಪರದೆ ಎಳೀರಿ ಯಜಮಾನ್ರೇ, ನಾಟಕ ಮುಗೀತು," ಎನ್ನುತ್ತಾರೆ.

ಅಷ್ಟರಲ್ಲಿ ವ್ಯವಸ್ಥಾಪಕರು ಇಳಿದು ಬರುತ್ತಾರೆ. "ಏನಕ್ಕಾ, ಅಗೆಸೋಣ್ವಾ?"

ಒರತೆಯಕ್ಕನ ಅಂಗೈ ಮತ್ತೆ ಹಿಂಗೋಡೆಗೆ ಹೋಗುತ್ತದೆ. ಒಂದು ಸುಳ್ಳು ಸಾಕು, ಆ ಎಡಗೈಯ ಅಂಚುಗಳು ಮಧ್ಯಾಹ್ನದೊಳಗೆ ಬಿಸಿಲಿಗೆ ಬರುತ್ತವೆ. ಹೇಳಿಬಿಡಲಿ ಎಂದು ನನ್ನ ಜೀವವೂ ತುಡಿಯುತ್ತದೆ.

"ಬೇಡ ಸಾರ್. ಹೊರಗಿನ ಹೊದಿಕೆ ಚೆನ್ನಾಗಿದೆ. ಅದನ್ನ ಕೀಳ್ಬಾರ್ದು. ಕೊಳವೆ ಸುತ್ತ ಗಾರೆ ಬಿಡಿಸಿ, ಬಿಗಿಮಾಡಿ, ಒಳಗೆ ಲೇಪ ಹಾಕ್ತೀನಿ. ಕಿಂಡಿ ತೆರೆದಿಡಿ, ಅಷ್ಟೇ."

ವ್ಯವಸ್ಥಾಪಕರು ಖುಷಿಯಿಂದ ಮೆಟ್ಟಿಲು ಹತ್ತಲು ತಿರುಗುತ್ತಾರೆ. ಒರತೆಯಕ್ಕ ಅವರನ್ನು ಕೂಗಿ ನಿಲ್ಲಿಸುತ್ತಾರೆ.

"ಸಾರ್, ತೇವ ಆರಿದ ಮೇಲೆ ಮಗಳನ್ನ ಒಂದ್ಸಲ ಕರ್ಕೊಂಡು ಬರ್ಲಾ? ಇಲ್ಲಿಂದ್ಲೇ ಈ ಗೋಡೆ ಮುಟ್ಟಿ ಹೋಗ್ತಾಳೆ. ಆ ಕಡೆಯಿಂದ ಅವಳಪ್ಪ ಹಿಡ್ಕೊಂಡಿದ್ದಾರೆ."