ಕೊನೇ ವಾರದ ಕಬ್ಬಿಣ

ಲಿಫ್ಟ್ ರಿಪೇರಿಯವನ ಹೆಂಡತಿ ಎಣಿಕೆಯಲ್ಲಿ ತಪ್ಪುವವಳಲ್ಲ. ಹತ್ತೊಂಬತ್ತು ವರ್ಷದಿಂದ ಕಾರ್ಖಾನೆಯಲ್ಲಿ ಬೋಲ್ಟುಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಡಬ್ಬಿಗೆ ಇಪ್ಪತ್ತೈದು. ಬಾಯಿ ಪಕ್ಕದವಳ ಜೊತೆ ಹರಟುತ್ತಿದ್ದರೂ ಕೈ ತನ್ನ ಪಾಡಿಗೆ ತಾನು ಎಣಿಸುತ್ತಿತ್ತು. ಹಾಗಾಗಿ ಗಂಡ ಹಿಂದಿನ ಕೋಣೆಯಲ್ಲಿ ಭಾರ ಎತ್ತಲು ಶುರು ಮಾಡಿದಾಗ ಎಣಿಸುವ ಕೆಲಸ ಅವಳ ಪಾಲಿಗೆ ಬಂತು. ಅವನೇ ಎಣಿಸಿಕೊಂಡರೆ ಆರಾದ ಮೇಲೆ ಎಂಟು ಬರುತ್ತಿತ್ತು.

"ಏಳು ಎಲ್ಲಿ ಹೋಯ್ತು ರೀ?"

"ಉಸಿರು ಬಿಡೋವಾಗ ಅದೂ ಆಚೆ ಹೋಯ್ತು ಕಣೆ."

ಅವನಿಗೆ ನಲವತ್ತಾರು. ಕುಡಿತ ಇಲ್ಲ, ಜೂಜಿಲ್ಲ. ಇದ್ದದ್ದು ಒಂದೇ ಹುಚ್ಚು. ಈಜು, ಸೈಕಲ್, ಓಟ ಮೂರನ್ನೂ ಒಂದೇ ದಿನ, ಬೆಳಗಿನಿಂದ ಸಂಜೆಯವರೆಗೆ, ಒಂದರ ಬೆನ್ನಿಗೆ ಒಂದು ಮಾಡುವ ಪಂದ್ಯ. ಗೆಲ್ಲುವ ಆಸೆ ಅವನಿಗಿರಲಿಲ್ಲ. ಸಾಯುವುದರೊಳಗೆ ಒಂದು ಸಲ ತನ್ನ ಕಾಲ ಮೇಲೆ ಓಡಿ ಮುಗಿಸಬೇಕು, ಅಷ್ಟೇ.

ಎರಡು ಸಲ ಹೋಗಿದ್ದ. ಎರಡು ಸಲವೂ ವ್ಯಾನಿನಲ್ಲಿ ವಾಪಸು ಬಂದ. ಕೈಲಾಗದೆ ದಾರಿಯಲ್ಲಿ ಕೂತವರನ್ನು ತುಂಬಿಕೊಂಡು ಬರಲು ಓಟದ ಹಿಂದೆಯೇ ಒಂದು ಬಿಳಿ ವ್ಯಾನು ಬರುತ್ತದೆ. ಅದರಿಂದ ಇಳಿದ ಮೇಲೆ ಮೂರು ದಿನ, ಊಟದ ತಟ್ಟೆ ಮುಂದಿಟ್ಟರೆ ತಟ್ಟೆಯನ್ನೇ ನೋಡುತ್ತ ಕೂರುತ್ತಿದ್ದ.

ಮೊದಲ ಸಲ ಓಟದಲ್ಲಿ ಸೊಂಟ ಕುಸಿದಿತ್ತು. ಈಜುಕೊಳದಲ್ಲಿ ಕಲಿಸುವ ಮೇಷ್ಟ್ರು ಹಳೇ ಕಾಲದ ಭಾರ ಎತ್ತುವವರು, ಬಾಯಿ ಬಹಳ ಜೋರು. ಅವರು ಅವನ ಸೊಂಟಕ್ಕೆ ಎರಡು ಗುದ್ದಿದರು.

"ಇದೇನು ಸೊಂಟವೋ, ನೆಂದ ಬಟ್ಟೆಯೋ? ವಾರಕ್ಕೆ ಎರಡು ದಿನ ಕಬ್ಬಿಣ ಎತ್ತು. ತೋಳು ಉಬ್ಬಿಸ್ಕೊಳ್ಳೋಕಲ್ಲ, ಕೊನೇ ಹತ್ತು ಕಿಲೋಮೀಟರ್ ನೆಟ್ಟಗೆ ನಿಲ್ಲೋಕೆ. ಮಂಗಳವಾರ, ಶುಕ್ರವಾರ. ಬೆಳಗ್ಗೆ ಸೈಕಲ್ ಜೋರಾಗಿ ತುಳಿದ ದಿನಾನೇ ಸಂಜೆ ಭಾರ. ಸುಸ್ತೆಲ್ಲ ಒಂದೇ ದಿನಕ್ಕೆ ಸುರಿದುಬಿಡು, ಮಾರನೇ ದಿನ ಮೈ ಹಗುರ ಇರ್ಲಿ. ಪಂದ್ಯದ ವಾರ ಮಾತ್ರ ಕಬ್ಬಿಣ ಮುಟ್ಟಕೂಡದು."

ಎಲ್ಲ ಕೇಳಿದ. ಕೊನೆಯದೊಂದನ್ನು ಬಿಟ್ಟು. ಎರಡನೇ ಪಂದ್ಯಕ್ಕೆ ಎರಡು ದಿನ ಇರುವಾಗ ಹೆದರಿಕೆ ಹತ್ತಿತು. ಬಾಗಿಲು ಹಾಕಿಕೊಂಡು ಆರು ಸುತ್ತು ಎತ್ತಿದ. ಪಂದ್ಯದ ದಿನ ಕಾಲು ಎರಡೂ ಮರದ ತುಂಡಾಗಿದ್ದವು.

ಮೂರನೆಯ ಸಲಕ್ಕೆ ಮೇಷ್ಟ್ರು ಹದಿನಾರು ವಾರದ ಲೆಕ್ಕ ಬರೆದುಕೊಟ್ಟರು. ಯಾವ ದಿನ ಎಷ್ಟು ಸುತ್ತು, ಒಂದೊಂದು ಸುತ್ತಿನಲ್ಲಿ ಎಷ್ಟು ಸಲ ಎತ್ತಬೇಕು. ಹದಿನಾರನೆಯದು ಪಂದ್ಯದ ವಾರ, ಅದರ ಮನೆಗಳಲ್ಲಿ ಅಡ್ಡಗೆರೆ ಎಳೆದಿದ್ದರು. ಅವನು ಆ ಹಾಳೆಯನ್ನು ಕೋಣೆಯ ಬಾಗಿಲಿಗೆ ಅಂಟಿಸಿದ. "ಈ ಸಲ ವ್ಯಾನ್ ಹತ್ತಿದ್ರೆ ನನ್ನನ್ನ ಮನೆಗೆ ಸೇರಿಸ್ಬೇಡ" ಎಂದು ಹೆಂಡತಿಗೆ ಹೇಳಿದ.

ಹನ್ನೆರಡನೇ ವಾರದ ಗುರುವಾರ ಸತ್ತ. ಲಿಫ್ಟಿನಿಂದ ಬಿದ್ದಲ್ಲ, ನೀರಲ್ಲಿ ಮುಳುಗಿಯಲ್ಲ. ಕೆಲಸದ ನಡುವೆ ಚಹಾ ಕುಡಿಯಲು ಮೆಟ್ಟಿಲ ಮೇಲೆ ಕೂತ. ಜೊತೆಯವನು ಬಂದು ಭುಜ ಮುಟ್ಟಿದಾಗ ಲೋಟದಲ್ಲಿ ಚಹಾ ಇನ್ನೂ ಬಿಸಿಯಾಗಿತ್ತು.

ನೆಂಟರು ಬಂದರು, ಅತ್ತರು, ಹೋದರು. ಮಂಗಳವಾರದ ಹೊತ್ತಿಗೆ ಮನೆಯಲ್ಲಿ ಅವಳೊಬ್ಬಳೇ. ಸಂಜೆ ಆರಕ್ಕೆ, ಇನ್ನೂ ಬಿಸಿಲಿರುವಾಗಲೇ, ಪಾತ್ರೆ ತಿಕ್ಕುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಧಡ್ ಎಂದಿತು. ರಬ್ಬರ್ ಹಾಸಿನ ಮೇಲೆ ಕಬ್ಬಿಣ ಇಳಿಯುವ ಶಬ್ದ. ಹಿಂದೆಯೇ ಪ್ಲೇಟುಗಳು ಒಂದಕ್ಕೊಂದು ತಾಗಿ ಕಿಣಿ ಎಂದವು. ಮತ್ತೆ ಧಡ್. ಅವಳ ಕೈ ನಿಂತಿತು. ಎಣಿಕೆ ನಿಲ್ಲಲಿಲ್ಲ. ಐದು. ಬಿಡುವು. ಐದು. ಬಿಡುವು. ಒಟ್ಟು ನಾಲ್ಕು ಸುತ್ತು. ಬಾಗಿಲ ಮೇಲಿನ ಹಾಳೆ ನೋಡಿದಳು. ಹದಿಮೂರನೇ ವಾರ, ಮಂಗಳವಾರ: ನಾಲ್ಕು ಸುತ್ತು, ಐದೈದು.

ಬಾಗಿಲು ತಳ್ಳಿದಳು. ಯಾರೂ ಇಲ್ಲ. ಸ್ಟ್ಯಾಂಡಿನ ಮೇಲೆ ಸೈಕಲ್, ನೆಲದ ಮೇಲೆ ರಾಡ್. ರಾಡನ್ನು ಮುಟ್ಟಿ ನೋಡಿದಳು. ತಣ್ಣಗಿತ್ತು. ಎರಡು ಕಡೆ ಮಾತ್ರ, ಒಂದೊಂದು ಅಂಗೈ ಅಗಲ, ಬೆಚ್ಚಗಿತ್ತು.

ಶುಕ್ರವಾರವೂ ಶಬ್ದ ಬಂತು. ಆಮೇಲೆ ಕೆಳಗಿನ ಮನೆಯ ಹೊಲಿಗೆಯವಳು ಮೇಲೆ ಬಂದಳು. ಮೊದಲು ಈ ಶಬ್ದಕ್ಕೆ ಪ್ರತಿ ಸಲ ಬೈಯುತ್ತಿದ್ದವಳು ಅವಳೇ. ಈಗ ಹೊಸ್ತಿಲ ಆಚೆಯೇ ನಿಂತಳು.

"ಅಕ್ಕಾ, ಮನೇಲಿ ಯಾರಾದ್ರೂ ಉಳ್ಕೊಂಡಿದಾರಾ?"

"ಇಲ್ವಲ್ಲ."

"ಮತ್ತೆ ಅದು... ಆರು ಗಂಟೆಗೆ..."

"ನಿನಗೂ ಕೇಳಿಸ್ತಾ?"

"ಬೆಚ್ಚಿಬಿದ್ದು ಎರಡು ಸೂಜಿ ಮುರ್ಕೊಂಡೆ ಅಕ್ಕಾ." ಹೊಲಿಗೆಯವಳು ಒಳಗೆ ಇಣುಕಿ, ದನಿ ತಗ್ಗಿಸಿದಳು. "ನಾನು ಬೈತಿದ್ದೆ ಅಂತ ಅವ್ರಿಗೆ ಸಿಟ್ಟೇನೂ ಇಲ್ಲ ತಾನೇ?"

"ಅವ್ರು ನಿನ್ನ ಮಾತಿಗೆ ಯಾವತ್ತು ಬೆಲೆ ಕೊಟ್ಟಿದ್ರು? ಹೋಗು, ಬಟ್ಟೆ ಹೊಲಿ."

ಹೊಲಿಗೆಯವಳು ಇಳಿದು ಹೋದಳು. ಇವಳು ಬಾಗಿಲು ಹಾಕಿ, ಹಿಂದಿನ ಕೋಣೆಗೂ ಹೊರಗಿನಿಂದ ಚಿಲಕ ಹಾಕಿದಳು.

ಹದಿನಾಲ್ಕನೇ ವಾರ ಹಾಳೆಯಲ್ಲಿದ್ದ ಹಾಗೇ ಮೂರು ಸುತ್ತು. ಆಮೇಲಾಮೇಲೆ ಅವಳಿಗೆ ಹೆದರಿಕೆ ಕಡಿಮೆಯಾಯಿತು. ಆರು ಗಂಟೆಗೆ ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಕೂತು ಗಟ್ಟಿಯಾಗಿ ಎಣಿಸಿದಳು. ಕಣ್ಣೀರು ಬಂದರೆ ಸೆರಗಿನಲ್ಲಿ ಒರೆಸಿಕೊಂಡು ಮುಂದಿನ ಸಂಖ್ಯೆ ಹೇಳಿದಳು.

ಹದಿನೈದನೇ ವಾರ ಇದ್ದದ್ದು ಎರಡೇ ಸುತ್ತು. ಮಂಗಳವಾರ ಎರಡೇ ಆಯಿತು. ಶುಕ್ರವಾರ ಎರಡಾಯಿತು, ಮೂರಾಯಿತು, ನಾಲ್ಕಾಯಿತು. ಆರು ಸುತ್ತಾದ ಮೇಲೆ ನಿಂತಿತು. ಬಾಗಿಲ ಕೆಳಗಿನ ಸಂದಿಯಿಂದ ಏದುಸಿರು ಅವಳ ಪಾದಕ್ಕೆ ತಾಗುತ್ತಿತ್ತು.

ಮರುದಿನ ಈಜುಕೊಳಕ್ಕೆ ಹೋದಳು.

"ಮೇಷ್ಟ್ರೇ, ನಿನ್ನೆ ಆರು ಸುತ್ತು ಎತ್ತಿದ್ರು."

ಯಾರು ಎಂದು ಮೇಷ್ಟ್ರು ಕೇಳಲಿಲ್ಲ.

"ಕತ್ತೆ," ಎಂದರು. "ಮತ್ತೆ ಹೆದರ್ಕೊಂಡಿದಾನೆ. ಮುಂದಿನ ವಾರ ಎತ್ತೋಕೆ ಬಿಡಬೇಡಮ್ಮ. ಬಿಟ್ರೆ ಈ ಸಲಾನೂ ದಾರೀಲೇ ಕೂತುಬಿಡ್ತಾನೆ."

"ಹೇಗೆ ತಡೀಲಿ?"

"ಅದು ನಂಗೇನು ಗೊತ್ತು? ಹೆಂಡತಿ ನೀನು."

ಹದಿನಾರನೇ ವಾರದ ಮಂಗಳವಾರ ಅರ್ಧ ದಿನ ರಜೆ ಹಾಕಿ ಬಂದಳು. ಪ್ಲೇಟುಗಳನ್ನು ಬಿಚ್ಚಲು ನೋಡಿದಳು. ಅವನು ಬಿಗಿದ ಕ್ಲಿಪ್ಪು, ಜಪ್ಪಯ್ಯ ಎಂದರೂ ಅಲುಗಲಿಲ್ಲ. ಆರಕ್ಕೆ ಐದು ನಿಮಿಷ ಇರುವಾಗ ರಾಡಿನ ಮೇಲೆ ಕೂತುಬಿಟ್ಟಳು. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

ಆರಾಯಿತು. ಅಂಗೈಯ ಅಡಿಯಲ್ಲಿ ಕಬ್ಬಿಣ ಬೆಚ್ಚಗಾಗುತ್ತ ಬಂತು. ಆಮೇಲೆ ರಾಡ್ ಒಮ್ಮೆ ಜಗ್ಗಿತು. ಅವಳು ಹಲ್ಲು ಕಚ್ಚಿದಳು. ಇನ್ನೊಮ್ಮೆ ಜಗ್ಗಿ, ಅವಳನ್ನೂ ಸೇರಿಸಿಕೊಂಡು ನೆಲದಿಂದ ಎದ್ದಿತು. ಒಂದು ಗೇಣು. ಅವಳ ಕಾಲುಗಳು ಗಾಳಿಯಲ್ಲಿ ತೂಗಾಡಿದವು. ಕಿವಿಯ ಹತ್ತಿರವೇ ಯಾರೋ ಉಸಿರು ಬಿಗಿಹಿಡಿದಿದ್ದರು.

"ಸಾಕು ರೀ," ಎಂದಳು. "ಹೆದರಿಕೆ ಆಗ್ತಿದೆ ಅಂತ ಗೊತ್ತು. ನಂಗೂ ಆಗ್ತಿದೆ. ಇಳಿಸಿ."

ರಾಡ್ ಅಲ್ಲೇ ನಿಂತಿತ್ತು.

"ಮಾಡಬೇಕಾದ್ದೆಲ್ಲ ಮಾಡಿದ್ದೀರಿ. ಎಣಿಸಿದವಳು ನಾನಲ್ವಾ? ಒಂದೂ ಕಮ್ಮಿ ಇಲ್ಲ. ಇನ್ನು ಸುಧಾರಿಸ್ಕೊಳ್ಳಿ."

ರಾಡ್ ಕೆಳಗಿಳಿಯಿತು. ಅವನು ಯಾವತ್ತೂ ಅಷ್ಟು ನಿಧಾನವಾಗಿ ಇಳಿಸಿದವನಲ್ಲ. ಒಂದು ಚೂರೂ ಶಬ್ದವಾಗಲಿಲ್ಲ.

ಶುಕ್ರವಾರ ಕತ್ತಲಾಗುವವರೆಗೆ ಅಲ್ಲೇ ಕೂತಿದ್ದಳು. ಕಬ್ಬಿಣ ತಣ್ಣಗೇ ಇತ್ತು.

ಭಾನುವಾರ ಪಂದ್ಯ. ಮಧ್ಯಾಹ್ನವೇ ಹೋಗಿ ಓಟ ಮುಗಿಯುವ ಕಡೆ ಹಗ್ಗದ ಈಚೆ ನಿಂತಳು. ಜನ ಬರುತ್ತಲೇ ಇದ್ದರು. ಕೆಲವರು ಅಳುತ್ತಿದ್ದರು, ಕೆಲವರು ವಾಂತಿ ಮಾಡಿಕೊಂಡರು. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆರಕ್ಕೆ, ಪಂದ್ಯದ ಸಮಯ ಮುಗಿಯಿತೆಂದು, ಗಂಟೆ ಬಾರಿಸಿದರು. ಅದಾದ ಮೇಲೆ ಬಿಳಿ ವ್ಯಾನು ಬಂತು.

ಅವಳು ಓಡಿದಳು. ಬಾಗಿಲು ಪೂರ್ತಿ ತೆರೆಯುವ ಮೊದಲೇ ಹಿಡಿಕೆ ಹಿಡಿದು ಹತ್ತಿದಳು. ಒಳಗೆ ಮೂವರಿದ್ದರು, ತಲೆಯ ಮೇಲೆ ಟವೆಲ್ ಹಾಕಿಕೊಂಡು. ಮೂವರ ಟವೆಲನ್ನೂ ಎತ್ತಿ ನೋಡಿದಳು. ಖಾಲಿ ಸೀಟುಗಳನ್ನು ಒಂದೊಂದಾಗಿ ಅಂಗೈಯಿಂದ ಮುಟ್ಟುತ್ತ ಕೊನೆಯವರೆಗೂ ಹೋದಳು. ಎಲ್ಲವೂ ತಣ್ಣಗಿದ್ದವು.

"ಯಾರಮ್ಮ ಬೇಕಿತ್ತು?" ಡ್ರೈವರ್ ಹಿಂದೆ ತಿರುಗಿ ಕೇಳಿದ.

"ನಮ್ಮನೆಯವ್ರು. ಇದ್ರಲ್ಲಿಲ್ಲ."

"ಇದ್ರಲ್ಲಿಲ್ಲ ಅಂದ್ರೆ ಓಡಿ ಮುಗಿಸಿರ್ತಾರೆ ಬಿಡಮ್ಮ. ದಾರಿ ಪೂರ್ತಿ ನೋಡ್ಕೊಂಡೇ ಬಂದೆ. ಹಿಂದೆ ಯಾರೂ ಉಳಿದಿಲ್ಲ."