ಹಿಮದ ಕದ ತಟ್ಟುವ ಬರ್ಲಾ

ಬೆಳಗಿನ ಆರೂವರೆ. ಆಲ್ಪ್ಸ್ ಬೆಳ್ಳಗಿದೆ, ಬೆಳಗಾಗಿಲ್ಲ ಅಷ್ಟೆ. ಸೊಂಟದಾಳದ ಗುಂಡಿ ತೋಡಿಕೊಂಡು ನಿಂತ ಅರವತ್ತೆರಡರ ಬರ್ಲಾ, ಹಿಮದ ಗೋಡೆಯಿಂದ ಕಂಬವೊಂದನ್ನು ಕೊರೆದು, ಅದರ ತಲೆಯ ಮೇಲೆ ಸಲಿಕೆಯಿಟ್ಟು ತಟ್ಟುತ್ತಿದ್ದಾರೆ. ಮಣಿಕಟ್ಟಿನಿಂದ ಹತ್ತು ಸಲ, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಮೂವತ್ತಕ್ಕೂ ಅಲುಗದಿದ್ದರೆ ಒಳ್ಳೆಯ ಸುದ್ದಿ: ಇಳಿಜಾರಿನ ಹಿಮ ಇಂದು ಸುಲಭಕ್ಕೆ ಕುಸಿಯದು.

ಗುಂಡಿಯಂಚಿನಲ್ಲಿ ಗಂಡನ ಅಣ್ಣನ ಮಗ ಕುರ್ದಿನ್ ಚಡಪಡಿಸುತ್ತಿದ್ದಾನೆ. ಪರ್ವತದ ದಾರಿ ತೋರಿಸುವುದು ಅವನ ಕಸುಬು. ನಾಲ್ವರು ಅತಿಥಿಗಳನ್ನು ಊರಿನವರು 'ತೊಟ್ಟಿಲು' ಎನ್ನುವ ಇಳಿಜಾರಿನ ಮೇಲೆ ಸ್ಕೀಯಲ್ಲಿ ಕರೆದೊಯ್ಯಬೇಕು.

"ಚಿಕ್ಕಮ್ಮಾ, ಎಷ್ಟು ಸಲ ಕದ ತಟ್ತೀಯ? ಒಳಗೆ ಯಾರೂ ಇಲ್ಲ."

"ಇದ್ರೆ ನಿನ್ನ ಕೇಳಿ ಹೊರಗೆ ಬರ್ತಾರೇನೋ? ಬಾಯ್ಮುಚ್ಚು."

ಹದಿಮೂರನೇ ತಟ್ಟಿಗೆ ಕಂಬದ ಮೇಲರ್ಧ ಸರಕ್ಕನೆ ಜಾರಿ ಬರ್ಲಾರ ಎದೆಗೆ ಬೀಳುತ್ತದೆ. ಜಾರಿದಲ್ಲಿಂದ ಅವರು ಒಂದು ಹಿಡಿ ಹಿಮ ತೆಗೆಯುತ್ತಾರೆ: ಸಕ್ಕರೆ ಹರಳಿನಂತೆ, ಒಂದಕ್ಕೊಂದು ಅಂಟದ್ದು. ಅದರ ಮೇಲೆ ನಿನ್ನೆಯ ಗಾಳಿ ಹೇರಿದ ಮೂವತ್ತೆಂಟು ಸೆಂಟಿಮೀಟರ್ ಹೊಸ ಹಿಮ. ಒಬ್ಬನ ಭಾರ ಸಾಕು, ಇಡೀ ತೊಟ್ಟಿಲು ಮಗುಚಲು.

ಎಂಟಕ್ಕೆ ಊರಿನ ಬಸ್ ಓಡಿಸುವ ಬರ್ಲಾರಿಗೆ ಈ ಹಿಮ ತಟ್ಟುವ ಕೆಲಸದಲ್ಲಿ ಇದು ಮೂವತ್ತೊಂದನೇ ಚಳಿಗಾಲ. ನವೆಂಬರಿನಿಂದ ಏಪ್ರಿಲ್‌ವರೆಗೆ ಒಂದು ದಿನವೂ ತಪ್ಪದೆ ಅಳೆದು, ಏಳರೊಳಗೆ ಕಣಿವೆಯ ಕಚೇರಿಗೆ ವರದಿ ಕಳಿಸುತ್ತಾರೆ. ರೇಡಿಯೋದಲ್ಲಿ ಬರುವ ಹಿಮಕುಸಿತದ ಅಪಾಯದ ಸೂಚನೆಯಲ್ಲಿ ಅವರ ಹೆಸರಿರುವುದಿಲ್ಲ.

ಹನ್ನೊಂದು ವರ್ಷದ ಹಿಂದೆ ಒಮ್ಮೆ, ಮೊಣಕಾಲು ನೋವೆಂದು ಮನೆಯ ಹಿಂದೆ, ಬಿಸಿಲು ಬೀಳುವ ಕಡೆಯೇ ಗುಂಡಿ ತೋಡಿದರು. ಕಂಬ ಮೂವತ್ತಕ್ಕೂ ಜಗ್ಗಲಿಲ್ಲ. ಬಿಸಿಲೇ ಕಾಣದ ತೊಟ್ಟಿಲಿಗೆ "ಹೋಗಿ ಬಾ" ಎಂದು ಕಳಿಸಿದ್ದು ಸ್ವಂತ ಗಂಡ ಯಾಹೆನ್‌ರನ್ನು. ತೊಟ್ಟಿಲು ಕುಸಿದು, ಹದಿನೇಳು ನಿಮಿಷ ಹಿಮದಡಿ ಹೂತುಹೋಗಿದ್ದ ಅವರನ್ನು ಜೊತೆಗಾರರು ಜೀವಂತ ಅಗೆದು ತೆಗೆದರು.

"ಹಿಮ ಸುಳ್ಳು ಹೇಳ್ಲಿಲ್ಲ. ನಾನು ಕೇಳಬಾರದ ಕಡೆ ಕೇಳಿದ್ದೆ," ಎನ್ನುತ್ತಾರೆ ಬರ್ಲಾ. ಅಂದಿನಿಂದ ನಲವತ್ತು ನಿಮಿಷ ನಡೆದು, ತೊಟ್ಟಿಲಿನಂತೆಯೇ ಉತ್ತರಕ್ಕೆ ಮುಖ ಮಾಡಿದ ಈ ಗಿಡ್ಡ ದಿಬ್ಬದಲ್ಲೇ ತೋಡುತ್ತಾರೆ.

ಕುರ್ದಿನ್ ಬಿಡುವುದಿಲ್ಲ. "ಆಕಾಶ ನೋಡು, ತೊಳೆದಿಟ್ಟ ಹಾಗಿದೆ."

"ನೀನು ನಡೆಯೋದು ಆಕಾಶದ ಮೇಲಲ್ವಲ್ಲ."

"ಅವರು ಇದಕ್ಕೇ ಅಂತ ಅಷ್ಟು ದೂರದಿಂದ ಬಂದಿದ್ದಾರೆ. ಏನು ಹೇಳ್ಲಿ?"

"ಮುದುಕಿಗೆ ತಲೆ ಕೆಟ್ಟಿದೆ ಅನ್ನು. ಕಾಡಿನ ದಾರೀಲಿ ಕರ್ಕೊಂಡು ಹೋಗು."

ಗೊಣಗುತ್ತಲೇ ಅವನು ಕಾಡಿನ ದಾರಿ ಹಿಡಿಯುತ್ತಾನೆ. ದಿನವಿಡೀ ತೊಟ್ಟಿಲು ಅಲುಗುವುದಿಲ್ಲ. ಬರ್ಲಾರ ಕೆಲಸದ ಕಷ್ಟವೇ ಅದು, ಅವರ ಮಾತು ಕೇಳಿದ ದಿನ ಏನೂ ಆಗುವುದಿಲ್ಲ.

ಸಂಜೆ ಯಾಹೆನ್ ಊರಿನ ಹೋಟೆಲಿನಿಂದ ನಗುತ್ತಾ ಬರುತ್ತಾರೆ. ಬಾರ್ಲಿ ಸೂಪಿನ ಮುಂದೆ ಕೂತ ಅತಿಥಿಗಳಲ್ಲೊಬ್ಬ ಚಮಚದಿಂದ ಮೇಜು ತಟ್ಟಿ ಬರ್ಲಾರನ್ನು ಅಣಕಿಸಿದನಂತೆ. ಉಳಿದವರು ದಿನ ಹಾಳಾಯಿತೆಂದು ಬೈದರಂತೆ.

ಬೂಟು ಬಿಚ್ಚುತ್ತಿದ್ದ ಬರ್ಲಾ ತಲೆಯೆತ್ತುತ್ತಾರೆ. "ನಾಲ್ಕೂ ಜನ ಬೈದ್ರಾ?"

"ಕುರ್ದಿನ್ನೂ ಸೇರಿ ಐದು."

"ಸರಿ ಹಾಗಾದ್ರೆ. ಎಲ್ಲರೂ ವಾಪಸ್ ಬಂದಿದ್ದಾರೆ."